ಪದಚರ್ಚೆ: ಆಯಿಲ್ ಫಿಲ್ಟರಿನ ಎರಡು ಪೈಪಿಗೆ ಕನ್ನಡ ಬೇಕು, ಇವತ್ತೇ

ಎಲ್ಲರಿಗೂ ನಮಸ್ಕಾರ. ಇಲ್ಲೊಂದು ಗ್ಯಾರೇಜಿನಲ್ಲಿ ತೋಟದ ಹಳೆ ವಿಲ್ಲಿಸ್ ಜೀಪಿನ ಎಂಜಿನ್ ಬಿಚ್ಚಿ ಕಟ್ಟುತ್ತಿದ್ದಾರೆ. ಕೆಲಸ ಕಲಿಯುವ ಹುಡುಗರಿಗಾಗಿ ಗೋಡೆಗೊಂದು ಬೋರ್ಡು. ಮಲಯಾಳದ್ದು ಆಗಿದೆ, ಕನ್ನಡದ್ದು ನನ್ನ ತಲೆಗೆ ಬಿತ್ತು. ಬೈಪಾಸ್ ಆಯಿಲ್ ಫಿಲ್ಟರಿಗೆ ಎರಡು ತಾಮ್ರದ ಪೈಪು. ನಾನು ‘ಬಳಸುದಾರಿ ಶೋಧಕ’, ‘ಒಳಹರಿವಿನ ನಾಳ’, ‘ಹೊರಹರಿವಿನ ನಾಳ’ ಎಂದು ಬರೆದುಕೊಟ್ಟೆ. ಮೇಸ್ತ್ರಿ ಓದಿ, “ಇದು ಯಾವ ಆಸ್ಪತ್ರೆಯದ್ದು?” ಅಂದರು. ಬೋರ್ಡು ಬರೆಯುವವ ನಾಲ್ಕು ಗಂಟೆಗೆ ಬರ್ತಾನೆ.
— ಬದಿಯಡ್ಕ

ಶೋಧಕ ಬೇಡ, ಶೋಧ ಅಂದರೆ ಈಗ ಹುಡುಕಾಟ. ‘ಬಾಚಣಿಗೆ’ ಇದ್ದ ಹಾಗೆ ‘ಸೋಸಣಿಗೆ’. ನಾಳವೂ ಬೇಡ, ‘ಕೊಳವೆ’ ಉಂಟಲ್ಲ. ಹಳಗನ್ನಡದ ಕೊೞಲ್, ಮಲಯಾಳದ ಕುೞಲ್ ಒಂದೇ ಬೇರಿನವು. ೞಕಾರ ಅವರಲ್ಲಿ ಉಳಿಯಿತು, ನಮ್ಮಲ್ಲಿ ಳ ಆಯಿತು. ಎರಡೂ ಭಾಷೆಯವರು ಗುರುತು ಹಿಡಿಯುವ ಪದ ಬಿಟ್ಟು ಸಂಸ್ಕೃತದ ಕಡೆ ಓಡುವುದು ಯಾಕೆ?
— ಮಂಜೇಶ್ವರ

ಮಾಷ್ಟ್ರೇ, ೞಕಾರ ಆಮೇಲೆ. ‘ಬಳಸುದಾರಿ’ಯೇ ತಪ್ಪು, ಅದನ್ನು ನೀವೂ ಬಿಟ್ಟಿರಿ. ಈ ಏರ್ಪಾಡಿನಲ್ಲಿ ಪಂಪು ದೂಡಿದ ಎಣ್ಣೆ ಬಹುಪಾಲು ಸೋಸದೆ ನೇರ ಬೇರಿಂಗಿಗೆ ಹೋಗ್ತದೆ. ಒಂದು ಪಾಲು ಮಾತ್ರ ಕವಲೊಡೆದು, ಸಣ್ಣ ತೂತಿನಲ್ಲಿ ನುಸುಳಿ, ಫಿಲ್ಟರಿನಲ್ಲಿ ಸೋಸಿ ಚೇಂಬರಿಗೆ, ಅಂದರೆ ಎಂಜಿನಿನ ಅಡಿಯ ಎಣ್ಣೆ ತೊಟ್ಟಿಗೆ, ಇಳೀತದೆ. ಈಗಿನ ಕಾರುಗಳಲ್ಲಿ ಎಲ್ಲಾ ಎಣ್ಣೆಯೂ ಫಿಲ್ಟರಿಗೇ ಬರುವುದು. ಫಿಲ್ಟರು ಕಟ್ಟಿಕೊಂಡರೆ ಒಂದು ವಾಲ್ವು ತೆರೆದು ಎಣ್ಣೆಯನ್ನು ಸೋಸದೆ ಬಿಡ್ತದೆ. ಆ ವಾಲ್ವಿಗೂ ಬೈಪಾಸ್ ಅಂತಲೇ ಹೆಸರು. ಬದಿಯಡ್ಕದವರ ಬಳಸುದಾರಿ ಅದಕ್ಕೆ ಇರಲಿ, ಇದು ‘ಕವಲು ಫಿಲ್ಟರ್’.

ಒಳ-ಹೊರ ಕೂಡ ಬೇಡ. ಯಾವುದರ ಒಳಗೆ, ಎಂಜಿನಿನದ್ದೋ ಫಿಲ್ಟರಿನದ್ದೋ? ಹುಡುಗ ಉಲ್ಟಾ ಕೊಟ್ಟರೆ, ಹೊರಗಿನಿಂದ ಒಳಕ್ಕೆ ಸೋಸುವ ಎಲಿಮೆಂಟಿಗೆ ಒಳಗಿನಿಂದ ಒತ್ತಡ ಬೀಳ್ತದೆ. ‘ಪ್ರೆಶರ್ ಪೈಪು’, ‘ವಾಪಸು ಪೈಪು’, ಮುಗೀತು. ಪೈಪು ಜೋಡಿಸುವ ಸಣ್ಣ ತೂತಿನ ಯೂನಿಯನ್ ತೆಗೆದು ದೊಡ್ಡದು ಹಾಕಬಾರದು ಅಂತಲೂ ಬರೆಸಿ. ಹಾಕಿದರೆ ಎಣ್ಣೆ ಆ ಕಡೆಯೇ ಸುರಿದು ಪ್ರೆಶರ್ ಮೀಟರಿನ ಮುಳ್ಳು ಬೀಳ್ತದೆ, ಬೇರಿಂಗು ಒಣಗ್ತದೆ.
— ಪೆರ್ಲ

ಫಿಲ್ಟರ್, ಪ್ರೆಶರ್, ಪೈಪು. ‘ವಾಪಸು’ ಒಂದಾದರೂ ಕನ್ನಡವೋ ಅಂದರೆ ಅದು ಫಾರ್ಸಿ! 1956ರಲ್ಲಿ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದಲ್ಲಿಂದ ಕನ್ನಡದ ಬೋರ್ಡಿಗೆ ಅರ್ಜಿ ಬರೆದು ನಮ್ಮವರ ಕೈ ಸವೆದಿದೆ. ಸಿಕ್ಕಿದ ಬೋರ್ಡಿಗೆ ಇಂಗ್ಲಿಷನ್ನೇ ಕನ್ನಡ ಲಿಪಿಯಲ್ಲಿ ಬರೆಯುವುದಾದರೆ ಅರ್ಜಿ ಯಾತಕ್ಕೆ? ‘ಒತ್ತಡದ ಕೊಳವೆ’, ‘ಮರಳು ಕೊಳವೆ’. ಚರ್ಚೆ ಬೇಡ.
— ಮಂಜೇಶ್ವರ

‘ಮರಳು ಕೊಳವೆ’ ಅಂತ ಬರೆದರೆ ಹೊಯ್ಗೆ ಹೋಗುವ ಪೈಪು ಅಂದುಕೊಂಡಾರು ಮಾರಾಯ್ರೆ. ‘ಸೋಸಣಿಗೆ’ಯೂ ಅಷ್ಟೇ. ಬರವಣಿಗೆ, ಮೆರವಣಿಗೆ ನೋಡಿ, ಅಲ್ಲಿ ಅಣಿಗೆ ಬಂದದ್ದು ಕ್ರಿಯೆಗೆ, ಸಲಕರಣೆಗಲ್ಲ. ಒಂದು ಬಾಚಣಿಗೆ ಹಿಡಿದುಕೊಂಡು ಎಷ್ಟು ದೂರ ಹೋಗ್ತೀರಿ? ಇನ್ನು ಎರವಲಿನ ಮಾತು: ನಮ್ಮ ಮನೆಗಳ ಜನೇಲು, ಚಾವಿ ಎರಡೂ ಪೋರ್ಚುಗೀಸಿನವು. ಮೊದಲು ಅವನ್ನು ಹಿಂದಿರುಗಿಸಿ ಬನ್ನಿ.
— ಕುಂಬಳೆ

ಬರೆಯುವವ ಬಂದು ಕೂತಿದ್ದಾನೆ. ಕೊಟ್ಟದ್ದು ಇಷ್ಟು: ‘ಕವಲು ಫಿಲ್ಟರ್. ಒತ್ತಡದ ಪೈಪು, ಎಂಜಿನಿನಿಂದ. ವಾಪಸು ಪೈಪು, ಚೇಂಬರಿಗೆ. ಯೂನಿಯನಿನ ಸಣ್ಣ ತೂತು ದೊಡ್ಡದು ಮಾಡಬೇಡಿ.’ ಬಾಣದ ಗುರುತು ಕೆಂಪಿನಲ್ಲಿ. ಸೋಸಣಿಗೆ ಮೇಸ್ತ್ರಿಗೆ ಭಾರೀ ಖುಷಿ, ಆದರೆ ಸ್ಪೇರ್ ಅಂಗಡಿಯಲ್ಲಿ ಹಾಗೆ ಕೇಳಿದರೆ ಟೀ ಸೋಸುವುದನ್ನು ಕೊಟ್ಟಾರು ಅಂದರು. ಎಲ್ಲರಿಗೂ ಉಪಕಾರ.
— ಬದಿಯಡ್ಕ

‘ಅಣಿಗೆ’ ಸಲಕರಣೆಗೆ ಬರುವುದಿಲ್ಲ ಎಂದ ಕುಂಬಳೆಯವರಿಗೆ ಬೇರೆ ಪತ್ರದಲ್ಲಿ ಉತ್ತರಿಸುತ್ತೇನೆ.
— ಮಂಜೇಶ್ವರ