1974ರ ಪೋಲರಾಯ್ಡ್ ಹೌದೋ ಅಲ್ಲವೋ

ಕಿರಣ್: [ಫೋಟೋ] ಇದನ್ನ 1974ರ ಪೋಲರಾಯ್ಡ್ ಅಂತ ಮಾರಾಟಕ್ಕಿಟ್ಟಿದ್ದಾರೆ. ಕೆಳಗಿನ ಬಿಳಿ ಅಂಚಲ್ಲಿ ಇಸವಿ ಬರೆದಿದೆ. ಅಸಲಿ ಅಲ್ವಾ ಚಿಕ್ಕಪ್ಪ?

ಚಿಕ್ಕಪ್ಪ: ಇಸವಿ ಯಾರು ಯಾವಾಗ ಬೇಕಾದ್ರೂ ಬರೀಬಹುದು. ಅಳತೆ ಕೇಳು. ತೆಗೆದ ಚಿತ್ರ ಕಾರ್ಡಿನ ಮೇಲೆ ತಾನೇ ಮೂಡೋ ಪೋಲರಾಯ್ಡ್ ಕ್ಯಾಮೆರಾ ಎಸ್‌ಎಕ್ಸ್-70 ಬಂದದ್ದು 1972ರಲ್ಲಿ. ಅದರ ಕಾರ್ಡು 88 ಮಿ.ಮೀ. ಅಗಲ, 107 ಎತ್ತರ, ಒಳಗಿನ ಚಿತ್ರ 79ರ ಚೌಕ. ಚಿತ್ರ ಅಡ್ಡಕ್ಕೆ ಉದ್ದವಾಗಿದ್ರೆ ಅದು 1986ರಲ್ಲಿ ಬಂದ ಸ್ಪೆಕ್ಟ್ರಾ ಅನ್ನೋ ಪೋಲರಾಯ್ಡ್ ಮಾದರಿ ಇರಬಹುದು.

ಕಿರಣ್: ಚೌಕಾನೇ. ಹಳದಿಗೂ ತಿರುಗಿದೆ.

ಸುಮಾ ಅತ್ತೆ: ಹಳದಿ ನೋಡಿ ನಂಬಬೇಡ. ಅವಧಿ ಮೀರಿದ ಫಿಲ್ಮಲ್ಲಿ ಇವತ್ತು ತೆಗೆದ್ರೂ ಬಣ್ಣ ಹಾಗೇ ಕೆಡುತ್ತೆ.

ಚಿಕ್ಕಪ್ಪ: ಮೇಲಿನ ಎಡಮೂಲೆ ನೋಡು ಸುಮಾ, ಅಲ್ಲಿ ಚಿತ್ರ ಮೂಡಿಲ್ಲ. ರಾಸಾಯನಿಕದ ಪೊಟ್ಟಣ ಇರೋದು ಕೆಳಗಿನ ಅಗಲದ ಅಂಚಲ್ಲಿ. ಕಾರ್ಡು ಆ ಕಡೆಯಿಂದಲೇ ರೋಲರ್‌ ನಡುವೆ ಹೊರಗೆ ಬರುತ್ತೆ, ಪೊಟ್ಟಣ ಒಡೆದು ಪೇಸ್ಟು ಮೇಲಕ್ಕೆ ಹರಡುತ್ತೆ. ಸಾಲದೆ ಹೋದ್ರೆ ಕೊರತೆ ಕಾಣೋದು ಎದುರಿನ ಮೂಲೆಗಳಲ್ಲೇ. ನಕಲಿ ಮಾಡೋರು ಕಲೆನ ಎಲ್ಲೆಂದರಲ್ಲಿ ಹಾಕ್ತಾರೆ. ನನ್ನ ಪ್ರಕಾರ ಇದು ಅಸಲಿ.

ಸುಮಾ ಅತ್ತೆ: ಅಣ್ಣ, ಅದರಿಂದ ಗೊತ್ತಾಗೋದು ಫಿಲ್ಮ್ ಅಸಲಿ ಅಂತ ಮಾತ್ರ, 1974 ಅಂತಲ್ಲ. 2010ರಿಂದ ಇಂಪಾಸಿಬಲ್ ಪ್ರಾಜೆಕ್ಟ್ ಅನ್ನೋ ಕಂಪನಿಯವರು ಇದೇ ಅಳತೆಯ ಫಿಲ್ಮ್ ಮಾಡಿದ್ರು. ಅದರಲ್ಲೂ ಪೇಸ್ಟು ಹರಡದೇ ಹೋಗುತ್ತೆ. ಶುರುವಿನ ಅವರ ಫಿಲ್ಮಲ್ಲಿ ಕಾಲ ಕಳೆದಂತೆ ಹರಳಿನ ಗೆರೆಗಳೂ ಬರ್ತಿದ್ವು.

ರಮ್ಯಾ: ಹಾಗಾದ್ರೆ ಮೊಬೈಲ್ ಚಿತ್ರನ ಅದರ ಮೇಲೆ ಮೂಡಿಸಬಹುದಾ?

ಸುಮಾ ಅತ್ತೆ: ಅದಕ್ಕೇ ಯಂತ್ರ ಇದೆ ಕಣೇ. 2019ರ ಪೋಲರಾಯ್ಡ್ ಲ್ಯಾಬ್‌ ಮೇಲೆ ಫೋನ್ ಇಟ್ಟರೆ ಪರದೆಯ ಬೆಳಕೇ ಫಿಲ್ಮಿಗೆ ಬೀಳುತ್ತೆ. ಕಾರ್ಡು ನಿಜವಾದದ್ದು, ದೃಶ್ಯ ಯಾವ ಕಾಲದ್ದೋ!

ಚಿಕ್ಕಪ್ಪ: ಒಪ್ಪಿದೆ. ಆದ್ರೂ ಮೊದಲು ಬರೀ ಪ್ರಿಂಟ್ ಅಲ್ಲ ಅನ್ನೋದು ಖಾತ್ರಿ ಆಗಲಿ. ಕಿರಣ್, 10 ಪಟ್ಟು ದೊಡ್ಡದು ಮಾಡೋ ಲೂಪ್‌ನಲ್ಲಿ ತೆಗೆದ ಚಿತ್ರ ಕೇಳು. ಇಂಕ್‌ಜೆಟ್ ಆದ್ರೆ ಬಣ್ಣದ ಚುಕ್ಕೆ ಕಾಣುತ್ತೆ, ಅಸಲಿಯಲ್ಲಿ ಬಣ್ಣ ಚುಕ್ಕೆಯಿಲ್ಲದೆ ಕರಗಿ ಸೇರಿರುತ್ತೆ. ಓರೆ ಬೆಳಕಲ್ಲೂ ಒಂದು ತೆಗೆಸು: ನುಣುಪಾದ ಪ್ಲಾಸ್ಟಿಕ್ಕಿನ ಅಡಿಯಲ್ಲಿ ಚಿತ್ರ ಇರಬೇಕು, ಅಂಚು ಮಾತ್ರ ಹೊಳಪಿಲ್ಲದ್ದು.

ಸುಮಾ ಅತ್ತೆ: ಹಿಂಬದಿ ಬಿಟ್ಟುಬಿಟ್ಯಲ್ಲ ಅಣ್ಣ. ಅದು ಕಪ್ಪಗಿರಬೇಕು, ಅಂಕಿಗಳ ಸಾಲು ಇರಬೇಕು. ಆ ಸಂಖ್ಯೆ ಫಿಲ್ಮ್ ತಯಾರಾದದ್ದರ ಗುರುತು, ಫೋಟೋ ತೆಗೆದ ದಿನದ್ದಲ್ಲ. ಆದ್ರೆ ಫಿಲ್ಮೇ 1974ರ ನಂತರದ್ದು ಅಂತ ಗೊತ್ತಾದ್ರೆ ಅಲ್ಲಿಗೆ ಮುಗೀತು.

ಕಿರಣ್: ಹಿಂಬದಿ, ಲೂಪ್, ಓರೆ ಬೆಳಕು, ಮೂರೂ ಕೇಳ್ತೀನಿ ಅತ್ತೆ. ಕಳಿಸೋವರೆಗೆ ದುಡ್ಡು ಕೊಡಲ್ಲ.

ಚಿಕ್ಕಪ್ಪ: ಬಾಗಿಸಿ ತೋರಿಸಿ ಅಂತ ಮಾತ್ರ ಕೇಳಬೇಡ. ಹಳೇ ಕಾರ್ಡಿನ ಒಳಪದರ ಬಿರುಕು ಬಿಡುತ್ತೆ.