ಸ್ಕ್ರೊವೇನಿ ಚಾಪೆಲ್: ಎಡಗೋಡೆಗೆ ಕಿಟಕಿ ಯಾಕಿಲ್ಲ, ನೀಲಿ ಬಣ್ಣ ಮಾತ್ರ ಯಾಕೆ ಉದುರಿದೆ?

ಪ್ರಶ್ನೆ:
ಇಟಲಿಯ ಪಾದುವಾದಲ್ಲಿ ಸ್ಕ್ರೊವೇನಿ ಮನೆತನದ ಚಾಪೆಲ್ (ಕ್ರೈಸ್ತರ ಸಣ್ಣ ಪ್ರಾರ್ಥನಾ ಮಂದಿರ) ಇದೆಯಲ್ಲ, ಚಿತ್ರಕಾರ ಜೊತ್ತೊ ಗೋಡೆಗಳಿಗೆ ಚಿತ್ರ ಬರೆದದ್ದು, ಅದರ ಫೋಟೊಗಳನ್ನು ನೋಡುತ್ತಿದ್ದೇನೆ. ಬಲಗೋಡೆಗೆ ಆರು ಕಿಟಕಿ, ಎಡಗೋಡೆಗೆ ಒಂದೂ ಇಲ್ಲ. ಕೆಳಗಿನ ಅಮೃತಶಿಲೆಯ ಹಲಗೆಗಳು ನಿಜವಾದವೇ? ಯೇಸು ಜನನದ ಚಿತ್ರದಲ್ಲಿ ಮರಿಯಮ್ಮನವರ ನೀಲಿ ಮೇಲುಡುಪು ಮಾತ್ರ ಉದುರಿದೆ, ಅದು ಯಾಕೆ? ಮುಂದಿನ ತಿಂಗಳು ಹೋಗುವುದಿದೆ, ಏನನ್ನು ಬಿಡದೆ ನೋಡಬೇಕು?

ಉತ್ತರ 1:
ಎಡಗೋಡೆಗೆ, ಅಂದರೆ ಉತ್ತರಕ್ಕೆ, ಮನೆತನದ ಅರಮನೆ ಅಂಟಿಕೊಂಡಿತ್ತು. ಅದಕ್ಕೇ ಕಿಟಕಿ ಇಡಲಿಲ್ಲ. ಅರಮನೆಯನ್ನು 19ನೇ ಶತಮಾನದಲ್ಲಿ ಕೆಡವಿದರು, ಈಗ ಗೋಡೆ ಬಯಲಿಗೆ ಬಿದ್ದಿದೆ. ಒಳಗೆ ಸುಮಾರು 21 ಮೀಟರ್ ಉದ್ದ, ಎಂಟೂವರೆ ಮೀಟರ್ ಅಗಲದ ಒಂದೇ ಕೋಣೆ, ಮೇಲೆ ಕಮಾನಿನ ಚಾವಣಿ. ಕಂಬವಿಲ್ಲ, ಚಾವಣಿಗೆ ಅಡ್ಡಪಟ್ಟಿಯಿಲ್ಲ. ಚಿತ್ರಕಾರನಿಗೆ ಇದಕ್ಕಿಂತ ಒಳ್ಳೆಯ ಗೋಡೆ ಸಿಗುವುದು ಕಷ್ಟ. ಕಿಟಕಿಗಳ ನಡುವೆ ಉಳಿದ ಜಾಗವೇ ಬಲಗಡೆಯ ಚಿತ್ರಗಳ ಅಳತೆ. ಎಡಗಡೆ ಅದಕ್ಕೆ ಸರಿಹೊಂದಿಸಲು, ಕಿಟಕಿ ಬರಬೇಕಾದಲ್ಲಿ ಜೊತ್ತೊ ಅಗಲವಾದ ಅಲಂಕಾರದ ಪಟ್ಟಿ ಬರೆದಿದ್ದಾನೆ. ಆ ಪಟ್ಟಿಗಳೊಳಗಿನ ಪುಟ್ಟ ಚಿತ್ರಗಳನ್ನು ಬಹಳ ಮಂದಿ ಗಮನಿಸುವುದೇ ಇಲ್ಲ.

ಚಿತ್ರಗಳು ಹೇಳುವ ಮರಿಯಮ್ಮ, ಯೇಸುವಿನ ಕಥೆ ಶುರುವಾಗುವುದು ಬಲಿಪೀಠದ ಹತ್ತಿರ, ಬಲಗೋಡೆಯ ಮೇಲಿನ ಸಾಲಿನಲ್ಲಿ. ಅಲ್ಲಿಂದ ಬಾಗಿಲ ಕಡೆಗೆ ಬಂದು, ಎಡಗೋಡೆ ಹಿಡಿದು ಹಿಂದಿರುಗಿ, ಹೀಗೆ ಸುತ್ತುತ್ತ ಕೆಳಗಿಳಿಯುತ್ತದೆ.

ಉತ್ತರ 2:
ಅಮೃತಶಿಲೆ ನಿಜವಾದದ್ದಲ್ಲ, ನಯವಾಗಿ ಉಜ್ಜಿ ಹೊಳಪು ಕೊಟ್ಟ ಗಾರೆ.

ನೀಲಿಯ ವಿಷಯ. ಹಸಿ ಗಾರೆಯ ಮೇಲೆ ನೀರಲ್ಲಿ ಕಲಸಿದ ಬಣ್ಣ ಹಚ್ಚಿದರೆ, ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಗಟ್ಟಿಯಾಗುವಾಗ ಬಣ್ಣವೂ ಕಲ್ಲಿನೊಳಗೇ ಸೇರಿಬಿಡುತ್ತದೆ. ಒಂದು ದಿನದಲ್ಲಿ ಮುಗಿಸುವಷ್ಟೇ ಗಾರೆ ಬಳಿಯುವುದು ಅದಕ್ಕೇ; ಓರೆ ಬೆಳಕಿನಲ್ಲಿ ಆ ತೇಪೆಗಳ ಅಂಚು ಕಾಣುತ್ತದೆ. ಆದರೆ ಅಜುರೈಟ್ ಎಂಬ ತಾಮ್ರದ ನೀಲಿ ಹಸಿ ಸುಣ್ಣಕ್ಕೆ ಒಗ್ಗುವುದಿಲ್ಲ. ಗಾರೆ ಒಣಗಿದ ಮೇಲೆ ಅಂಟಿನಲ್ಲಿ ಕಲಸಿ ಹಚ್ಚಬೇಕು. ತೇವಕ್ಕೆ ಅಂಟು ಸತ್ತಾಗ ನೀಲಿ ಪುಡಿಯಾಗಿ ಉದುರಿ, ಕೆಳಗಿನ ಬಣ್ಣ ಹೊರಬೀಳುತ್ತದೆ. ನೀವು ನೋಡಿದ್ದು ಅದೇ. ಹೊರಗಿನ ಹೊಗೆಯ ಗಂಧಕವಂತೂ ಸುಣ್ಣವನ್ನೇ ಜಿಪ್ಸಂ ಮಾಡುತ್ತದೆ. ಅದು ಉಬ್ಬಿ ಮೇಲ್ಪದರವನ್ನು ಸಿಡಿಸುತ್ತದೆ.

ಹಾಗಾಗಿಯೇ ಒಳಗೆ ಬಿಡುವ ಮುನ್ನ ಸುಮಾರು 25 ಜನರನ್ನು ಗಾಜಿನ ಕೋಣೆಯಲ್ಲಿ 15 ನಿಮಿಷ ಕೂರಿಸುತ್ತಾರೆ. ಬಟ್ಟೆಯ ತೇವ, ಧೂಳು ಅಲ್ಲೇ ಇಳಿಯಲಿ ಎಂದು. ಟಿಕೆಟ್ ಮುಂಚೆಯೇ ಕಾದಿರಿಸಿ. ತಡವಾದರೆ ಸರದಿ ಹೋಯಿತೆಂದೇ ತಿಳಿಯಿರಿ.

ಉತ್ತರ 3:
ಚಿತ್ರಗಳಲ್ಲೇ ಮುಳುಗಿ ಬಲಿಪೀಠವನ್ನು ಮರೆಯಬೇಡಿ. ಅದರ ಮೇಲಿನ ಮಾತೆ-ಮಗು, ಇಬ್ಬರು ದೇವದೂತರು ಜೊವಾನ್ನಿ ಪಿಸಾನೊ ಕೆತ್ತಿದ ನಿಜವಾದ ಅಮೃತಶಿಲೆಯವು. ಬಲಿಪೀಠದ ಹಿಂಬದಿಯಲ್ಲಿ, ಚಾಪೆಲ್ ಕಟ್ಟಿಸಿದ ಎನ್ರಿಕೊ ಸ್ಕ್ರೊವೇನಿಯ ಸಮಾಧಿ. ಬಲಿಪೀಠದ ಕಡೆಯ ದೊಡ್ಡ ಕಮಾನಿನ ತುದಿಯಲ್ಲಿ ಕೂತ ತಂದೆ ದೇವರು ಮಾತ್ರ ಗಾರೆಯ ಮೇಲಲ್ಲ, ಮರದ ಹಲಗೆಯ ಮೇಲೆ ಬರೆದದ್ದು.

ಅದೇ ಕಮಾನಿನ ಎರಡೂ ಬದಿ, ಕೆಳಗೆ, ದೀಪ ತೂಗುವ ಖಾಲಿ ಕೋಣೆಗಳಿವೆ. ಕೋಣೆಯಲ್ಲ, ಬರೀ ಬಣ್ಣ! ನಡುಹಾದಿಯಲ್ಲಿ ನಿಂತು ನೋಡಿ, ಎರಡರ ಗೆರೆಗಳೂ ಗೋಡೆಯಾಚೆ ಒಂದೇ ಕಡೆ ಕೂಡುತ್ತವೆ. 1305ರ ಹೊತ್ತಿಗೆ ಇಷ್ಟು ಆಳ ತೋರಿಸಿದ್ದು ಸಣ್ಣ ಮಾತಲ್ಲ. ನಿಮಗೆ ಸಿಗುವ ಸಮಯದಲ್ಲಿ ಐದು ನಿಮಿಷ ಇದಕ್ಕೇ ಇಟ್ಟುಕೊಳ್ಳಿ.