‘ಮೈನ್’ ಪದದ ಮೂರು ಅರ್ಥಗಳು: ‘ನನ್ನದು’, ಗಣಿ, ನೆಲಬಾಂಬು. ಇವುಗಳ ಮೂಲ ಒಂದೇ ಆಗಿದೆಯೇ?

ಪ್ರಶ್ನೆ: ಸಂಡೂರಿನ ಶಿಕ್ಷಕ

ಸಂಡೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನಮ್ಮ ಭಾಗದ ಮಕ್ಕಳಿಗೆ ‘ಮೈನ್’ ಎಂಬ ಪದ ಪಠ್ಯಪುಸ್ತಕ ಕೈಗೆ ಬರುವ ಮೊದಲೇ ಪರಿಚಿತವಾಗಿರುತ್ತದೆ. ಮನೆಯಲ್ಲಿ ಅಪ್ಪನೋ ಮಾವನೋ ‘ಮೈನ್ಸಿಗೆ’ ಹೋಗುತ್ತಿರುತ್ತಾರೆ, ರಸ್ತೆಯಲ್ಲಿ ‘ಮೈನ್ಸ್ ಲಾರಿ’ಗಳು ಓಡಾಡುತ್ತಿರುತ್ತವೆ. ಆದ್ದರಿಂದ ‘ಈ ಪುಸ್ತಕ ನನ್ನದು’ ಎಂಬ ವಾಕ್ಯದಲ್ಲಿ ಅದೇ ಪದ ಎದುರಾದಾಗ ತರಗತಿಯಲ್ಲಿ ನಗು ಏಳುತ್ತದೆ. ಗಡಿಯಲ್ಲಿ ಹೂತಿಡುವ ಸ್ಫೋಟಕಕ್ಕೂ ಇದೇ ಹೆಸರು ಏಕೆ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದ್ದಾಳೆ. ಶಾಲೆಯ ನಿಘಂಟು ಮೂರು ಅರ್ಥಗಳನ್ನೂ ಕೊಡುತ್ತದೆ, ಅವುಗಳ ನಡುವಿನ ಸಂಬಂಧವನ್ನು ಹೇಳುವುದಿಲ್ಲ. ಬಲ್ಲವರು ವಿವರಿಸಬೇಕಾಗಿ ವಿನಂತಿ.

ಉತ್ತರ: ತೋರಣಗಲ್ಲಿನ ಓದುಗ

ಗುರುಗಳೇ, ಇದು ನನ್ನ ಊಹೆ ಮಾತ್ರ. ನೆಲದಲ್ಲಿ ಅದಿರು ಕಂಡವನು ‘ಇದು ನನ್ನದು’ ಎಂದು ಗಡಿ ಗುರುತು ಮಾಡಿಕೊಂಡಿದ್ದರಿಂದಲೇ ಗಣಿಗೆ ಆ ಹೆಸರು ಬಂದಿರಬಹುದು. ನಮ್ಮ ಜಿಲ್ಲೆಯ ಗಡಿಕಲ್ಲುಗಳ ವ್ಯಾಜ್ಯಗಳನ್ನು ಬಲ್ಲವರು ಇದನ್ನು ಸುಲಭವಾಗಿ ನಂಬಿಯಾರು.

ಉತ್ತರ: ರಾಯಚೂರಿನ ಭಾಷಾಸಕ್ತ

ಊಹೆ ಸ್ವಾರಸ್ಯಕರವಾಗಿದೆ, ಆದರೆ ಪದಚರಿತ್ರೆ ಅದನ್ನು ಒಪ್ಪುವುದಿಲ್ಲ. ‘ನನ್ನದು’ ಎಂಬ ಅರ್ಥದ ಪದ ಇಂಗ್ಲಿಷಿನ ಹುಟ್ಟು ಆಸ್ತಿ. ಹಳೆಯ ಇಂಗ್ಲಿಷಿನಲ್ಲಿ ಅದರ ಉಚ್ಚಾರಣೆ ‘ಮೀನ್’ ಎಂದಿತ್ತು. ಜರ್ಮನ್ ಭಾಷೆಯಲ್ಲಿ ‘ನನ್ನ’ ಎನ್ನಲು ಇಂದಿಗೂ ಬಳಸುವ ‘ಮೈನ್’ ಅದರ ದಾಯಾದಿ. ಗಣಿ ಎಂಬ ಅರ್ಥದ ಪದವಾದರೋ ಹಳೆಯ ಫ್ರೆಂಚಿನಿಂದ ಬಂದದ್ದು, ಅದರ ಹಿಂದೆ ಕೆಲ್ಟಿಕ್ ಮೂಲವಿರಬೇಕೆಂದು ವಿದ್ವಾಂಸರು ಭಾವಿಸುತ್ತಾರೆ. ಕೆಲ್ಟಿಕ್ ಭಾಷೆಗಳಲ್ಲೊಂದಾದ ವೆಲ್ಷ್‌ನಲ್ಲಿ ಅದಿರಿಗೆ ‘ಮುಯಿನ್’ ಎಂಬುದಕ್ಕೆ ಹತ್ತಿರದ ಪದವಿದೆ. ಫ್ರೆಂಚಿನಿಂದ ಬಂದ ಪದದಲ್ಲಿಯೂ ಅದೇ ದೀರ್ಘ ‘ಈ’ಕಾರವಿದ್ದುದರಿಂದ, ಸುಮಾರು 15ರಿಂದ 18ನೇ ಶತಮಾನದವರೆಗೆ ಇಂಗ್ಲಿಷಿನ ದೀರ್ಘಸ್ವರಗಳೆಲ್ಲ ಸ್ಥಾನ ಬದಲಿಸಿದಾಗ ಎರಡೂ ಒಟ್ಟಿಗೆ ‘ಮೈನ್’ ಆದವು. ಉಚ್ಚಾರದಲ್ಲಿ ಒಂದಾದರೂ ಅವುಗಳ ನಡುವೆ ನೆಂಟಸ್ತಿಕೆಯಿಲ್ಲ.

ನೆಲಬಾಂಬಿನ ಸಂಗತಿ ಬೇರೆ. ಅದು ಗಣಿಯ ಮಗುವೇ. ಮಧ್ಯಯುಗದ ಯುರೋಪಿನಲ್ಲಿ ಮುತ್ತಿಗೆ ಹಾಕಿದವರು ಕೋಟೆ ಗೋಡೆಯ ಅಡಿಪಾಯದ ಕೆಳಗೆ ಸುರಂಗ ತೋಡಿ, ಮೇಲಿನ ಮಣ್ಣು ಕುಸಿಯದಂತೆ ಮರದ ಊರೆಗಳನ್ನು ಕೊಟ್ಟು, ಕೊನೆಗೆ ಆ ಊರೆಗಳಿಗೇ ಬೆಂಕಿಯಿಟ್ಟು ಗೋಡೆಯನ್ನು ಬೀಳಿಸುತ್ತಿದ್ದರು. ಈ ಸುರಂಗವನ್ನೂ ‘ಮೈನ್’ ಎಂದೇ ಕರೆಯುತ್ತಿದ್ದರು. 1215ರಲ್ಲಿ ಇಂಗ್ಲೆಂಡಿನ ರಾಜ ಜಾನ್ ರೋಚೆಸ್ಟರ್ ಕೋಟೆಯನ್ನು ಮುತ್ತಿದಾಗ ಊರೆಗಳನ್ನು ಉರಿಸಲು 40 ಹಂದಿಗಳನ್ನು ತರಿಸಿದ್ದು, ಅವುಗಳ ಕೊಬ್ಬಿನ ಬೆಂಕಿಗೆ ಗೋಪುರದ ಒಂದು ಮೂಲೆಯೇ ಕುಸಿದದ್ದು ದಾಖಲಾಗಿದೆ. ನಮ್ಮ ರಾಯಚೂರು ಕೋಟೆಯ ಮುಂದೆ 1520ರಲ್ಲಿ ಕೃಷ್ಣದೇವರಾಯನ ಸೈನಿಕರು ಹಾರೆ, ಗುದ್ದಲಿಗಳಿಂದ ಗೋಡೆಯ ಕಲ್ಲುಗಳನ್ನೇ ಕಿತ್ತರೆಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಅಲ್ಲಿ ಕೆಲಸ ನಡೆದದ್ದು ಗೋಡೆಯ ಮೈಮೇಲೆ, ರೋಚೆಸ್ಟರಿನಲ್ಲಿ ಗೋಡೆಯ ಕಾಲಡಿಯಲ್ಲಿ.

ಮದ್ದು ಬಳಕೆಗೆ ಬಂದ ಮೇಲೆ ಬೆಂಕಿಯ ಬದಲು ಸುರಂಗದಲ್ಲಿ ಮದ್ದನ್ನೇ ತುಂಬತೊಡಗಿದರು. 1917ರ ಜೂನ್ 7ರಂದು ಬೆಲ್ಜಿಯಂನ ಮೆಸ್ಸೀನ್ ಬಳಿ ಬ್ರಿಟಿಷರು ಜರ್ಮನ್ ಪಡೆಯ ಕೆಳಗೆ ಸಿಡಿಸಿದ 19 ‘ಮೈನ್’ಗಳು ಇಂಥ ಸುರಂಗಗಳೇ ಆಗಿದ್ದವು. ಕಾಲಕ್ರಮದಲ್ಲಿ ಹೆಸರು ತೋಡಿದ ಜಾಗವನ್ನು ಬಿಟ್ಟು ಒಳಗಿಟ್ಟ ಸ್ಫೋಟಕಕ್ಕೆ ಅಂಟಿಕೊಂಡಿತು. ತೋಡಲು ನೆಲವೇ ಇಲ್ಲದ ಸಮುದ್ರದಲ್ಲಿ ತೇಲಿಬಿಡುವ ಸ್ಫೋಟಕವೂ ‘ಮೈನ್’ ಆದದ್ದು ಹೀಗೆ.

ಉತ್ತರ: ಕೊಪ್ಪಳದ ಸದಸ್ಯೆ

ಮೇಲಿನ ವಿವರಣೆಗೆ ನಮ್ಮ ಕಡೆಯ ಸಾಕ್ಷ್ಯವೊಂದನ್ನು ಸೇರಿಸಬಹುದು. ಹಿಂದಿಯಲ್ಲಿ ನೆಲಬಾಂಬನ್ನು ‘ಬಾರೂದಿ ಸುರಂಗ್’, ಅಂದರೆ ಮದ್ದಿನ ಸುರಂಗ, ಎನ್ನುತ್ತಾರೆ. ಅಲ್ಲಿಯೂ ಬಿಲದ ಹೆಸರು ಸ್ಫೋಟಕಕ್ಕೆ ಬಂದಿದೆ. ‘ಸುರಂಗ’ವೇ ಗ್ರೀಕ್ ಭಾಷೆಯ ‘ಸಿರಿಂಕ್ಸ್’ ಎಂಬ ಪದದಿಂದ ಸಂಸ್ಕೃತಕ್ಕೆ ಬಂದಿತೆಂಬ ವಾದವೂ ಇದೆ. ಆ ಗ್ರೀಕ್ ಪದಕ್ಕೆ ಕೊಳಲು, ಕೊಳವೆ, ಸುರಂಗ ಎಂಬ ಅರ್ಥಗಳಿವೆ. ಇನ್ನು ‘ಗಣಿ’ ಸಂಸ್ಕೃತದ ‘ಖನಿ’ಯ ತದ್ಭವ, ಅದರ ಧಾತುವಿನ ಅರ್ಥ ಅಗೆಯುವುದು. ಖನಿಯಲ್ಲಿ ಹುಟ್ಟಿದ್ದು ಖನಿಜವಾದಂತೆ ಇಂಗ್ಲಿಷಿನ ‘ಮಿನರಲ್’ ಕೂಡ ಗಣಿಯ ಪದದಿಂದಲೇ ಬೆಳೆದಿದೆ. ‘ಡೇಟಾ ಮೈನಿಂಗ್’ ಮೊದಲಾದವು ಈಚಿನ ರೂಪಕಗಳಾದ್ದರಿಂದ ಅವಕ್ಕೆ ಹೆಚ್ಚಿನ ವಿವರಣೆ ಬೇಡವೆನಿಸುತ್ತದೆ.

ಪ್ರಶ್ನೆ ಕೇಳಿದವರು: ಸಂಡೂರಿನ ಶಿಕ್ಷಕ

ತಮ್ಮೆಲ್ಲರಿಗೂ ಕೃತಜ್ಞತೆಗಳು. ಇನ್ನೊಂದು ಸಂದೇಹವಿದೆ. ಗಣಿ ಕಾರ್ಮಿಕನೂ ‘ಮೈನರ್’, ಹದಿನೆಂಟು ತುಂಬದವನೂ ‘ಮೈನರ್’. ಕನ್ನಡ ಲಿಪಿಯಲ್ಲಿ ಎರಡಕ್ಕೂ ಕಾಗುಣಿತ ಒಂದೇ. ಅಲ್ಲದೆ ‘ಅಂಡರ್‌ಮೈನ್’ ಎಂಬ ಕ್ರಿಯಾಪದ ಯಾವ ಮೂಲದ್ದು?

ಉತ್ತರ: ರಾಯಚೂರಿನ ಭಾಷಾಸಕ್ತ

ವಯಸ್ಸಿನ ‘ಮೈನರ್’ ಲ್ಯಾಟಿನ್ ಪದ, ಅದರ ಅರ್ಥ ‘ಕಿರಿದಾದುದು’. ಗಣಿಗೂ ಅದಕ್ಕೂ ಸಂಬಂಧವಿಲ್ಲ, ಇಂಗ್ಲಿಷಿನಲ್ಲಿ ಅಕ್ಷರವೂ ಬೇರೆ. ‘ಅಂಡರ್‌ಮೈನ್’ ಮಾತ್ರ ಅದೇ ಕೋಟೆಯ ಸುರಂಗದಿಂದ ಬಂದದ್ದು. ಮೊದಲು ಅದಕ್ಕೆ ಗೋಡೆಯ ಕೆಳಗೆ ಅಗೆಯುವುದು ಎಂಬ ನೇರ ಅರ್ಥವಷ್ಟೇ ಇತ್ತು. ಒಬ್ಬರ ಅಧಿಕಾರವನ್ನೋ ನಂಬಿಕೆಯನ್ನೋ ಗುಟ್ಟಾಗಿ ಸಡಿಲಗೊಳಿಸುವುದು ಎಂಬ ಅರ್ಥ ಆಮೇಲೆ ಬೆಳೆಯಿತು. ತರಗತಿಯಲ್ಲಿ ಕನ್ನಡದ ‘ಬುಡ ಅಲುಗಾಡಿಸು’ ಎಂಬ ನುಡಿಯನ್ನು ಅದರ ಪಕ್ಕದಲ್ಲಿ ಬರೆದರೆ ಸಾಕು, ಮಕ್ಕಳಿಗೆ ತಿಳಿಯುತ್ತದೆ.